ಒಂದು ಹಲ್ಲಿನ ಅಂತರ

ಕೊಲ್ಲಾಪುರದ ಕಡೆಯಿಂದ ಬರುವ ಹೆದ್ದಾರಿಯು ಕಾಗಲವನ್ನು ಬಿಟ್ಟು, ದೂಧಗಂಗೆಯ ಸೇತುವೆಯನ್ನು ದಾಟಿ, ಕರ್ನಾಟಕದಲ್ಲಿ ಮೊದಲು ಮುಟ್ಟುವ ಊರು ಕೊಗನೊಳ್ಳಿ. ಈ ರಸ್ತೆಗೆ ಬಹುಕಾಲ ನಾಲ್ಕನೆಯ ರಾಷ್ಟ್ರೀಯ ಹೆದ್ದಾರಿಯೆಂದು ಹೆಸರಿದ್ದಿತು; ೨೦೧೦ರಲ್ಲಿ ಅಂಕಿಗಳನ್ನು ಹೊಸದಾಗಿ ಹಂಚಿದ ಮೇಲೆ ಅದು ನಾಲ್ವತ್ತೆಂಟನೆಯದಾಯಿತು. ೧೯೫೬ರ ನವೆಂಬರ ೧ನೆಯ ತಾರೀಖಿನವರೆಗೆ ಈ ಸೀಮೆಯು ಮುಂಬಯಿ ರಾಜ್ಯದ್ದು, ಆ ಮೇಲೆ ಮೈಸೂರಿನದು, ೧೯೭೩ರಿಂದ ಕರ್ನಾಟಕವೆಂಬ ಹೆಸರಿನದು. ರಸ್ತೆಯ ಅಂಕಿ ಬದಲಾಯಿತು, ರಾಜ್ಯದ ಹೆಸರು ಬದಲಾಯಿತು. ಹೊಲಗಳು ಮಾತ್ರ ದೂಧಗಂಗೆ-ವೇದಗಂಗೆಗಳ ನಡುವೆ ಇದ್ದಲ್ಲಿಯೇ ಇವೆ, ಅವುಗಳಲ್ಲಿ ಕಬ್ಬು ಬೆಳೆಯುತ್ತಲೇ ಇದೆ. ಆ ಕಬ್ಬು ಅರೆಯುವದಕ್ಕೆ ಕಾಗಲದಲ್ಲಿ ಶಾಹು, ನಿಪ್ಪಾಣಿಯಲ್ಲಿ ಹಾಲಸಿದ್ಧನಾಥ, ಚಿಕ್ಕೋಡಿಯಲ್ಲಿ ದೂಧಗಂಗಾ, ಘಾಟಿನಾಚೆ ಸಂಕೇಶ್ವರದಲ್ಲಿ ಹಿರಣ್ಯಕೇಶಿ, ಹೀಗೆ ದಿಕ್ಕಿಗೊಂದು ಸಕ್ಕರೆಯ ಕಾರಖಾನೆ ಇರುವದು.

ದೀಪಾವಳಿ ಕಳೆದು ಹಂಗಾಮು ಆರಂಭವಾಯಿತೆಂದರೆ ಈ ದಾರಿಯಲ್ಲಿ ರಾತ್ರಿಯೆಂಬದೇ ಇಲ್ಲ. ಒಂದು ಟ್ರ್ಯಾಕ್ಟರು, ಅದರ ಬೆನ್ನಿಗೆ ಒಂದು ಟ್ರೇಲರು, ಅದರ ಬೆನ್ನಿಗೆ ಇನ್ನೊಂದು; ಎರಡರಲ್ಲಿಯೂ ಆಳೆತ್ತರಕ್ಕೆ ಮೀರಿ ಒಟ್ಟಿದ ಕಬ್ಬು, ಹಗ್ಗದ ಬಿಗಿತಕ್ಕೂ ನಿಲ್ಲದೆ ಎರಡೂ ಮಗ್ಗಲಿಗೆ ತೂಗಾಡುವ ವಾಡಿ. ಚಾಲಕನು ನಿದ್ದೆ ಬಾರದಿರಲೆಂದು ಹಚ್ಚಿದ ಹಾಡು ಒಂದು ಹರದಾರಿಯ ಮುಂದಿನ ಊರಿಗೂ ಕೇಳಿಸುವದು. ಇಷ್ಟು ದೊಡ್ಡ ರಥವನ್ನು ಎಳೆದುಕೊಂಡು ಹೋಗುವ ಶಕ್ತಿಯೆಲ್ಲ ಆ ಗದ್ದಲ ಮಾಡುವ ಇಂಜಿನಿನಲ್ಲಿಯೇ ಇದೆಯೆಂದು ನೋಡುವವರು ತಿಳಿಯುವರು. ಶಕ್ತಿ ಅಲ್ಲಿಯೇ ಇದೆ, ನಿಜ. ಆದರೆ ಅದು ಎಳೆತವಾಗಬೇಕೋ ವೇಗವಾಗಬೇಕೋ ಎಂಬದನ್ನು ಕಟ್ಟಕಡೆಗೆ ತೀರ್ಮಾನಿಸುವದು ಚಾಲಕನ ಆಸನದ ಕೆಳಗೆ, ಎರಡು ದೊಡ್ಡ ಗಾಲಿಗಳ ನಡುವೆ, ಎಣ್ಣೆಯಲ್ಲಿ ಮುಳುಗಿ ಕುಳಿತಿರುವ ಒಂದು ಜೋಡಿ ಹಲ್ಲುಗಾಲಿಗಳು. ಚಿಕ್ಕದಕ್ಕೆ ಪಿನಿಯನ್ ಎಂದೂ ದೊಡ್ಡದಕ್ಕೆ ಕ್ರೌನ್ ಎಂದೂ ಹೆಸರು. ಅವುಗಳ ಮುಖವನ್ನು ಟ್ರ್ಯಾಕ್ಟರಿನ ಮಾಲಕನು ತನ್ನ ಆಯುಷ್ಯದಲ್ಲಿ ಒಮ್ಮೆ ಕಂಡರೆ ಹೆಚ್ಚು. ಕಂಡನೆಂದರೆ ಖರ್ಚು ಬಂದಿತೆಂದೇ ಅರ್ಥ.

ಎತ್ತಿನ ಗಾಡಿಯ ಕಾಲದಲ್ಲಿ ಈ ವಿಚಾರವೇ ಇರಲಿಲ್ಲವೆಂದಲ್ಲ. ಅದು ಬೇರೆ ವೇಷದಲ್ಲಿದ್ದಿತು. ನಿಪ್ಪಾಣಿಯ ಪೇಟೆಗೆ ತಂಬಾಕಿನ ಹೊರೆ ತಂದ ಗಾಡಿಗಳಾಗಲಿ, ಅಲ್ಲಿಂದ ತೆಂಕಲಿಗೆ ತವಂದಿಯ ಘಾಟನ್ನು ಏರಿ ಸ್ತವನಿಧಿಯ ಕಡೆಗೆ ಹೊರಟ ಗಾಡಿಗಳಾಗಲಿ, ಏರು ಬಂದಾಗ ಮತ್ತೊಂದು ಜೋಡಿ ಎತ್ತುಗಳನ್ನು ಮುಂದೆ ಕಟ್ಟಿಕೊಳ್ಳುತ್ತಿದ್ದವು. ಇಳಿಯುವಾಗ ಗಾಲಿಗೆ ಹಗ್ಗ ಬಿಗಿದೋ ಮರದ ತುಂಡು ಕಟ್ಟಿಯೋ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತಿದ್ದರು. ಏರಿಗೆ ಬಲವನ್ನು ಕೂಡಿಸುವದು, ಇಳಿಜಾರಿಗೆ ಬಲವನ್ನು ಕಳೆಯುವದು, ಲೆಕ್ಕ ಸರಳ. ಇಂಜಿನು ಬಂದ ಮೇಲೆ ಕೂಡಿಸುವ ಮಾತು ಹೋಯಿತು. ಐವತ್ತು ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಘಾಟಿನ ಬುಡದಲ್ಲಿ ಇನ್ನೊಂದು ಹತ್ತು ಕುದುರೆಗಳನ್ನು ಬಾಡಿಗೆಗೆ ತಂದು ಕಟ್ಟುವಂತಿಲ್ಲ. ಇದ್ದ ಐವತ್ತರಲ್ಲಿಯೇ ಏರಬೇಕು. ಹೆಚ್ಚು ಎಳೆತ ಬೇಕಾದರೆ ಅಷ್ಟು ವೇಗವನ್ನು ಬಿಟ್ಟುಕೊಡಬೇಕು. ವೇಗ ಬೇಕಾದರೆ ಎಳೆತವನ್ನು. ಹಲ್ಲುಗಾಲಿಯು ಒಂದು ಗುಂಜಿ ಬಲವನ್ನೂ ಹುಟ್ಟಿಸುವದಿಲ್ಲ. ಅದು ಬರಿಯ ಸರಾಫನ ಅಂಗಡಿ. ಒಂದು ನಾಣ್ಯವನ್ನು ಕೊಟ್ಟು ಇನ್ನೊಂದನ್ನು ಪಡೆಯುವ ಸ್ಥಳ. ಅದರಲ್ಲಿಯೂ ತಿಕ್ಕಾಟದ ರೂಪದಲ್ಲಿ ಸ್ವಲ್ಪ ವಟ್ಟಾ ಮುರಿದುಕೊಳ್ಳುವದು.

ಕೊಗನೊಳ್ಳಿಯ ಒಂದು ಒಕ್ಕಲು ಮನೆತನಕ್ಕೆ ಈ ವಿನಿಮಯದ ಪ್ರಶ್ನೆ ಒಂದು ಹಂಗಾಮಿನ ನಡುವೆ ಬಂದೊದಗಿತು. ಮನೆಯ ಯಜಮಾನನು ಎಪ್ಪತ್ತರ ಸಮೀಪದವನು. ಟ್ರ್ಯಾಕ್ಟರು ಹೊಡೆಯುವವನು ಅವನ ತಮ್ಮನ ಮಗ. ಹಂಗಾಮಿಗೆ ಮೊದಲೇ ಅವರು ಘಾಟಿನಾಚೆಗೆ ಕಬ್ಬು ಸಾಗಿಸುವ ಕರಾರು ಮಾಡಿಕೊಂಡು, ಕಬ್ಬು ಕಡಿಯುವ ಟೋಳಿಯ ಮುಕಾದಮನಿಗೆ ಮುಂಗಡವನ್ನು ಎಣಿಸಿಕೊಟ್ಟಿದ್ದರು. ಈ ವ್ಯವಹಾರದ ಸ್ವರೂಪವನ್ನು ಪೇಟೆಯ ವಾಚಕರು ಬಲ್ಲರೋ ಇಲ್ಲವೋ: ಮುಂಗಡದ ಹಣವು ಸಾಲದ್ದು, ಟೋಳಿಯವರು ಕಡಿದ ಕಬ್ಬನ್ನು ಟ್ರ್ಯಾಕ್ಟರು ಸಾಗಿಸಿದಷ್ಟೂ ಅದು ತೀರುವದು, ಟ್ರ್ಯಾಕ್ಟರು ನಿಂತ ದಿನ ಟೋಳಿಯೂ ಕುಳಿತುಕೊಳ್ಳುವದು, ಬಡ್ಡಿ ಮಾತ್ರ ಕುಳಿತುಕೊಳ್ಳುವದಿಲ್ಲ. ಅಂಥದರಲ್ಲಿ ಒಂದು ಸಂಜೆ ಹಿಂದಿನ ಅಚ್ಚಿನಿಂದ ಕಲ್ಲು ಅರೆದಂತೆ ಸಪ್ಪಳ ಹೊರಟಿತು. ನಿಪ್ಪಾಣಿಯ ಮಿಸ್ತ್ರಿಯು ಎಣ್ಣೆಯನ್ನು ಇಳಿಸಿ ನೋಡಿದಾಗ ತಳದಲ್ಲಿ ಉಕ್ಕಿನ ಚೂರುಗಳಿದ್ದವು. ಪಿನಿಯನ್ನಿನ ಎರಡು ಹಲ್ಲುಗಳ ಅಂಚು ಹಾರಿಹೋಗಿದ್ದಿತು.

ಹೊಸದನ್ನು ಹಾಕಲೇಬೇಕು. ಆದರೆ ಯಾವುದನ್ನು? ಆ ಯಂತ್ರಕ್ಕೆ ಹೊಂದುವ ಜೋಡಿಗಳು ಎರಡು ಬಗೆಯವು ಸಿಕ್ಕುವವೆಂದು ಮಿಸ್ತ್ರಿ ಹೇಳಿದನು. ಎರಡರಲ್ಲಿಯೂ ಕ್ರೌನಿಗೆ ೪೧ ಹಲ್ಲು. ಒಂದರ ಪಿನಿಯನ್ನಿಗೆ ೭, ಇನ್ನೊಂದರದಕ್ಕೆ ೬. ಮೊದಲನೆಯದರಲ್ಲಿ ಪಿನಿಯನ್ನು ೫.೮೬ ಸುತ್ತು ತಿರುಗಿದರೆ ಕ್ರೌನು ಒಂದು ಸುತ್ತು ತಿರುಗುವದು, ಎರಡನೆಯದರಲ್ಲಿ ೬.೮೩ ಸುತ್ತು ಬೇಕು. ಹಳೆಯದು ಏಳು ಹಲ್ಲಿನದು.

ಇಲ್ಲಿ ಈ ಜೋಡಿಯ ಬಗ್ಗೆ ಎರಡು ಮಾತು ಹೇಳಬೇಕು. ಕ್ರೌನು-ಪಿನಿಯನ್ನುಗಳನ್ನು ಬಿಡಿಬಿಡಿಯಾಗಿ ಕೊಳ್ಳಬಾರದು. ಕಾರಖಾನೆಯಲ್ಲಿ ಅವೆರಡನ್ನೂ ಒಂದರೊಡನೊಂದು ಉಜ್ಜಿ ಹೊಂದಿಸಿ, ಒಂದೇ ಅಂಕಿಯನ್ನು ಎರಡರ ಮೈಮೇಲೂ ಕೊರೆದಿರುವರು. ಒಂದು ಕೆಟ್ಟರೂ ಜೋಡಿಯನ್ನೇ ಬದಲಿಸುವದು ಕ್ರಮ. ನಾಲ್ವತ್ತೊಂದು ಎಂಬ ವಿಚಿತ್ರ ಅಂಕಿಗೂ ಕಾರಣವುಂಟು. ಅದು ಆರರಿಂದಲೂ ಏಳರಿಂದಲೂ ನಿಶ್ಶೇಷವಾಗಿ ಭಾಗವಾಗದು. ಆದುದರಿಂದ ಚಿಕ್ಕ ಗಾಲಿಯ ಪ್ರತಿಯೊಂದು ಹಲ್ಲೂ ದೊಡ್ಡದರ ಪ್ರತಿಯೊಂದು ಹಲ್ಲನ್ನೂ ಸರದಿಯಂತೆ ಸಂಧಿಸಿ, ಸವೆತವು ಎಲ್ಲಕ್ಕೂ ಸಮನಾಗಿ ಹಂಚಿಹೋಗುವದು. ೪೨ ಇದ್ದಿದ್ದರೆ ಅವವೇ ಹಲ್ಲುಗಳು ಜನ್ಮವಿಡೀ ಅವವೇ ಹಲ್ಲುಗಳೊಡನೆ ತಿಕ್ಕಾಡಿ, ಒಂದರ ದೋಷವು ಇನ್ನೊಂದರಲ್ಲಿ ಆಳವಾಗಿ ಕೊರೆದು ಕೂಡುತ್ತಿದ್ದಿತು. ಅದೇ ಪೆಟ್ಟಿಗೆಯೊಳಗೆ, ತಿರುವಿನಲ್ಲಿ ಹೊರಗಾಲಿಯನ್ನು ಹೆಚ್ಚಾಗಿಯೂ ಒಳಗಾಲಿಯನ್ನು ಕಡಿಮೆಯಾಗಿಯೂ ತಿರುಗಗೊಡುವ ಡಿಫರೆನ್ಶಿಯಲ್ ಎಂಬ ಇನ್ನೊಂದು ಕೂಟವಿರುವದು. ಫ್ರಾನ್ಸಿನ ಪೆಕರ್ ಎಂಬವನು ೧೮೨೮ರಲ್ಲಿ ಉಗಿಯ ಗಾಡಿಗಾಗಿ ಅದಕ್ಕೆ ಪೇಟೆಂಟು ಪಡೆದನು. ಅವನು ಎಣಿಸಿದ ಉಗಿಯ ಗಾಡಿ ರಸ್ತೆಯ ಮೇಲೆ ಬಹಳ ದಿನ ಬಾಳಲಿಲ್ಲ. ಅವನ ಹಲ್ಲುಗಾಲಿಗಳು ಮಾತ್ರ ಇಂದು ಕಬ್ಬಿನ ಟ್ರೇಲರುಗಳ ಮುಂದೆ ತಿರುಗುತ್ತಿರುವವು.

ತರುಣನ ಮನಸ್ಸು ಏಳರ ಮೇಲೆಯೇ ಇದ್ದಿತು.

"ಕಾಕಾ, ಹೆದ್ದಾರಿಮ್ಯಾಲ ಎಲ್ಲಾರೂ ನಮ್ಮನ್ನ ಹಿಂದ ಹಾಕಿ ಹೋಗ್ತಾರ. ಇದ್ದದ್ದೂ ಕಡಿಮಿ ಮಾಡಿಕೊಂಡ್ರ ದಿನಕ್ಕ ಒಂದು ಖೇಪು ಹೊಡೀಲಿಕ್ಕೂ ಆಗೂದಿಲ್ಲ" ಎಂದನು.

ಅವನ ಮಾತಿನಲ್ಲಿ ಬರಿಯ ಹುಡುಗಾಟವಿತ್ತೆಂದು ತಿಳಿಯಲಾಗದು. ಕೂಲಿ ಬರುವದು ಸಾಗಿಸಿದ ಟನ್ನಿನ ಮೇಲೆ. ಬೇಗ ಹೋಗಿ ಬೇಗ ಬಂದವನು ಹೆಚ್ಚು ಸಾಗಿಸುವನೆಂಬದು ಯಾರಿಗಾದರೂ ತೋರುವ ಸಂಗತಿ. ಉಳಿದೆಲ್ಲ ಹಾಗೆಯೇ ಇದ್ದು ಏಳರ ಬದಲು ಆರು ಹಲ್ಲಿನ ಪಿನಿಯನ್ನು ಹಾಕಿದರೆ ಎಲ್ಲ ಗೇರುಗಳಲ್ಲಿಯೂ ವೇಗವು ಏಳನೆಯ ಒಂದು ಪಾಲು ತಗ್ಗುವದು. ಗಂಟೆಗೆ ೩೦ ಕಿಲೋಮೀಟರು ಓಡುವ ಟ್ರ್ಯಾಕ್ಟರು ೨೬ಕ್ಕೆ ಇಳಿಯುವದು. ಮೂವತ್ತು ಕಿಲೋಮೀಟರಿನ ದಾರಿ ಒಂದು ತಾಸಿನ ಬದಲು ಒಂದು ತಾಸು ಹತ್ತು ಮಿನಿಟು ಹಿಡಿಯುವದು.

ಮಿಸ್ತ್ರಿಯು ಇದಕ್ಕೆ ಎದುರು ಹೇಳಲಿಲ್ಲ. ಒಂದು ಹಾಳೆಯ ಬೆನ್ನಮೇಲೆ ಸೀಸಪೆನ್ಸಿಲಿನಿಂದ ಲೆಕ್ಕ ಹಾಕತೊಡಗಿದನು. ಆ ಲೆಕ್ಕವು ಹೆಚ್ಚು ಓದಿದವರಿಗೂ ಉಪಯೋಗಕ್ಕೆ ಬರುವಂಥದು. ಆದುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಿದರೆ ತಪ್ಪಾಗದು.

೭೫ ಕಿಲೋಗ್ರಾಮಿನ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತಿದರೆ ಅದು ಒಂದು ಅಶ್ವಶಕ್ತಿ. ಐವತ್ತು ಅಶ್ವಶಕ್ತಿಯ ಇಂಜಿನಿನಿಂದ ಗಾಲಿಗೆ ಮುಟ್ಟುವದು ನಾಲ್ವತ್ತು ಎಂದು ಹಿಡಿದರೆ, ಸೆಕೆಂಡಿಗೆ ಒಂದು ಮೀಟರಿನ ನಡಿಗೆಯಲ್ಲಿ ೩೦೦೦ ಕಿಲೋಗ್ರಾಮಿನ ಎಳೆತ ದೊರೆಯುವದು. ನಡಿಗೆ ಹೆಚ್ಚಿದಷ್ಟೂ ಎಳೆತ ಅದೇ ಪ್ರಮಾಣದಲ್ಲಿ ಇಳಿಯುವದು. ಇನ್ನು ಹೊರೆ. ಟ್ರ್ಯಾಕ್ಟರು, ಎರಡು ಟ್ರೇಲರು, ಕಬ್ಬು ಎಲ್ಲ ಕೂಡಿ ೨೨ ಟನ್ನು. ಡಾಂಬರಿನ ಸಮದಾರಿಯಲ್ಲಿ ಗಾಲಿ ಉರುಳುವದಕ್ಕೆ ನೂರಕ್ಕೆ ಎರಡರಂತೆ ೪೪೦ ಕಿಲೋಗ್ರಾಮಿನ ಎಳೆತ ಬೇಕು. ಮೂರು ಸಾವಿರವನ್ನು ಇದರಿಂದ ಭಾಗಿಸಿದರೆ ಸೆಕೆಂಡಿಗೆ ಏಳು ಮೀಟರಿಗೂ ಕಡಿಮೆ, ಗಂಟೆಗೆ ಇಪ್ಪತ್ತುನಾಲ್ಕೂವರೆ ಕಿಲೋಮೀಟರು. ಅಂದರೆ ತುಂಬಿದ ಹೊರೆಯೊಡನೆ ಈ ಟ್ರ್ಯಾಕ್ಟರು ಸಮದಾರಿಯಲ್ಲಿಯೂ ಮೂವತ್ತನ್ನು ಮುಟ್ಟಲಾರದು, ಪಿನಿಯನ್ನು ಯಾವುದೇ ಇರಲಿ. ಏಳು ಹಲ್ಲಿನದರ ಮೂವತ್ತು ಬರಿದಾಗಿ ಮರಳುವಾಗಿನ ಮೂವತ್ತು. ತರುಣನು ಯಾವ ವೇಗಕ್ಕಾಗಿ ವಾದಿಸುತ್ತಿದ್ದನೋ ಅದು ಹೊರೆಯಿರುವಾಗ ಅವನಿಗೆ ಇದ್ದೇ ಇರಲಿಲ್ಲ.

ಏರಿನಲ್ಲಿ ಲೆಕ್ಕವು ಇನ್ನೂ ಸ್ವಾರಸ್ಯವಾಗುವದು. ೨೫ ಮಾರು ನಡೆದರೆ ಒಂದು ಮಾರು ಏರುವ ಇಳಿಜಾರನ್ನು ತೆಗೆದುಕೊಂಡರೆ, ೨೨ ಟನ್ನಿನ ೨೫ನೆಯ ಒಂದು ಪಾಲು ೮೮೦. ಉರುಳುವದಕ್ಕೆ ಬೇಕಾದ ೪೪೦ ಅದಕ್ಕೆ ಕೂಡಿ ೧೩೨೦ ಕಿಲೋಗ್ರಾಮು. ಏಳು ಹಲ್ಲಿನ ಜೋಡಿಯಲ್ಲಿ ಮೂರನೆಯ ಗೇರಿನ ವೇಗ ಗಂಟೆಗೆ ೯ ಕಿಲೋಮೀಟರು ಎಂದಾದರೆ ಆ ಗೇರು ಕೊಡುವ ಎಳೆತ ೧೨೦೦. ಸಾಲದು. ಘಾಟಿನ ನಡುವೆ ಇಂಜಿನು ಉಸಿರುಗಟ್ಟಿ ನಿಲ್ಲುವದು. ಆದುದರಿಂದ ಬುಡದಲ್ಲಿಯೇ ಎರಡನೆಯ ಗೇರಿಗೆ ಇಳಿಯಬೇಕು. ಅದರ ಎಳೆತ ೧೮೦೦, ವೇಗ ಮಾತ್ರ ೬ ಕಿಲೋಮೀಟರು. ಬೇಕಾದದ್ದಕ್ಕಿಂತ ಬಹಳ ಹೆಚ್ಚು ಎಳೆತ, ಆಗಬಾರದಷ್ಟು ಕಡಿಮೆ ವೇಗ. ಆರು ಹಲ್ಲಿನ ಜೋಡಿಯಲ್ಲಿ ಅದೇ ಮೂರನೆಯ ಗೇರು ೭.೭ ಕಿಲೋಮೀಟರಿನ ವೇಗದಲ್ಲಿ ೧೪೦೦ ಕಿಲೋಗ್ರಾಮು ಎಳೆಯುವದು. ಸಾಕು. ಮೂರು ಕಿಲೋಮೀಟರಿನ ಏರನ್ನು ಏಳು ಹಲ್ಲಿನವನು ಎರಡನೆಯ ಗೇರಿನಲ್ಲಿ ಅರ್ಧ ತಾಸಿಗೆ ಹತ್ತಿದರೆ, ಆರು ಹಲ್ಲಿನವನು ಮೂರನೆಯದರಲ್ಲಿ ಇಪ್ಪತ್ತುಮೂರು-ಇಪ್ಪತ್ತುನಾಲ್ಕು ಮಿನಿಟಿಗೆ ಹತ್ತುವನು. ನಿಧಾನದ ಅಚ್ಚೇ ಘಾಟನ್ನು ಬೇಗ ಏರಿತು! ಒಂದೇ ಒಂದು ಹಲ್ಲು ಕಡಿಮೆಯಾದುದರಿಂದ, ಎರಡು ಗೇರುಗಳ ನಡುವೆ ಬರಿದಾಗಿದ್ದ ಎಡೆಯಲ್ಲಿ ಕಾಲಿಡಲು ಒಂದು ಮೆಟ್ಟಿಲು ಸಿಕ್ಕಿತು. ಬೇರೆ ಯಂತ್ರದಲ್ಲಿ, ಬೇರೆ ಏರಿನಲ್ಲಿ ಇದೇ ಒಂದು ಹಲ್ಲು ನಷ್ಟವನ್ನೂ ಮಾಡಬಹುದು. ಆದುದರಿಂದ ದಾರಿಯನ್ನು ನೋಡದೆ ಜೋಡಿಯನ್ನು ಆರಿಸುವದು ಕಾಲು ನೋಡದೆ ಕೆರವು ಕೊಂಡಂತೆ.

ಲೆಕ್ಕವೆಲ್ಲ ಮುಗಿದ ಮೇಲೂ ತರುಣನು ಬರಿದಾಗಿ ಮರಳುವ ದಾರಿಯ ಹತ್ತು ಮಿನಿಟನ್ನು ಬಿಟ್ಟುಕೊಡಲು ಸಿದ್ಧನಿರಲಿಲ್ಲ. ಆಗ ಮಿಸ್ತ್ರಿಯು ಕೇಳಿದನು: "ಕಾರಖಾನಿ ಅಂಗಳದಾಗ ಸರದಿ ಎಷ್ಟು ತಾಸು ಹಿಡೀತೈತಿ, ತಮ್ಮಾ?" ತರುಣನು ನಕ್ಕುಬಿಟ್ಟನು. ಹಂಗಾಮು ಭರದಲ್ಲಿದ್ದಾಗ ಕಾಟಾದ ಮುಂದೆ ಟ್ರ್ಯಾಕ್ಟರುಗಳ ಸಾಲು ಎಷ್ಟು ಉದ್ದವಿರುವದೆಂಬದನ್ನು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ರಾತ್ರಿ ಸೇರಿದ ಗಾಡಿಗೆ ಬೆಳಗಿನವರೆಗೆ ಸರದಿ ಬಾರದೆ, ಚಾಲಕನು ಟ್ರೇಲರಿನ ಕೆಳಗೆ ಕಂಬಳಿ ಹಾಸಿ ಮಲಗುವದುಂಟು. ದಾರಿಯಲ್ಲಿ ಹತ್ತು ಮಿನಿಟು ಗಳಿಸಿದವನು ಆ ಸಾಲಿನಲ್ಲಿ ಒಂದು ಗಾಡಿಯಷ್ಟು ಮುಂದೆ ನಿಂತಾನು, ಅಷ್ಟೇ.

ಇಷ್ಟು ಹೊತ್ತಿನವರೆಗೆ ಯಜಮಾನನು ಒಂದು ಮಾತನ್ನೂ ಆಡಿರಲಿಲ್ಲ. ಈಗ ಒಂದೇ ಪ್ರಶ್ನೆ ಕೇಳಿದನು.

"ಮಿಸ್ತ್ರಿ, ಇಳಿಯುವಾಗ ಯಾವುದು ಹಿಡೀತೈತಿ?"

ಆ ಮನೆಯಲ್ಲಿ ಇಳಿಜಾರಿನ ಮಾತು ಆಡುವದು ಕಡಿಮೆ. ತರುಣನು ನಾಲ್ಕು ವರ್ಷದ ಕೂಸಿದ್ದಾಗ ಅವನ ತಂದೆಯು ತುಂಬಿದ ಟ್ರೇಲರಿನೊಡನೆ ಹೊಳೆಯ ಕಡೆಗೆ ಇಳಿಯುತ್ತ, ಎಣ್ಣೆ ಉಳಿಯಲೆಂದು ಗೇರನ್ನು ತಪ್ಪಿಸಿ ಟ್ರ್ಯಾಕ್ಟರನ್ನು ಸಡಿಲ ಬಿಟ್ಟಿದ್ದನು. ಅಂದಿನಿಂದ ಆ ಕೂಸನ್ನು ಬೆಳೆಸಿದವನು ಈ ಮುದುಕ.

ಪ್ರಶ್ನೆಗೆ ಉತ್ತರವು ಅದೇ ಹಾಳೆಯಲ್ಲಿಯೇ ಇದ್ದಿತು. ಏರುವಾಗ ತಡೆಯುವ ೮೮೦ ಕಿಲೋಗ್ರಾಮು ಇಳಿಯುವಾಗ ಬೆನ್ನ ಹಿಂದೆ ನಿಂತು ನೂಕುವದು. ಉರುಳುವ ತಡೆಯು ೪೪೦ನ್ನು ನುಂಗಿದರೂ ಉಳಿದ ೪೪೦ನ್ನು ಯಾವುದಾದರೂ ಹಿಡಿಯಬೇಕು. ಅನೇಕ ಟ್ರೇಲರುಗಳಿಗೆ ಸ್ವಂತದ ಬ್ರೇಕು ಇರುವದಿಲ್ಲ. ಎರಡು ಟ್ರೇಲರುಗಳ ನೂಕುವಿಕೆಯನ್ನೆಲ್ಲ ಟ್ರ್ಯಾಕ್ಟರಿನ ಎರಡು ಬ್ರೇಕುಗಳು ಹೊರಬೇಕು. ಹೊತ್ತು ಹೊತ್ತು ಅವು ಕಾದವೆಂದರೆ ಕಾಲಿಟ್ಟರೂ ಹಿಡಿಯವು. ಒಮ್ಮೆಲೆ ಒತ್ತಿದರಂತೂ ಮುಂದಿನ ಟ್ರ್ಯಾಕ್ಟರು ನಿಂತು ಹಿಂದಿನ ಟ್ರೇಲರುಗಳು ನಿಲ್ಲದೆ, ಮೂರೂ ಚಾಕುವಿನಂತೆ ಮಡಚಿಕೊಳ್ಳುವವು. ಆಗ ಉಳಿದಿರುವ ಒಬ್ಬನೇ ಆಪ್ತನೆಂದರೆ ಇಂಜಿನು. ಗೇರಿನಲ್ಲಿ ಇಟ್ಟು ಎಣ್ಣೆಯ ಕಾಲನ್ನು ತೆಗೆದರೆ ಗಾಲಿಗಳೇ ಇಂಜಿನನ್ನು ತಿರುಗಿಸಬೇಕಾಗುವದು, ಇಂಜಿನು ಅದಕ್ಕೆ ಒಲ್ಲೆನೆನ್ನುವದು; ಆ ಒಲ್ಲೆನೆನ್ನುವ ಬಲವನ್ನು ಗಾಲಿಗೆ ಮುಟ್ಟಿಸುವಾಗ ಅದೇ ಕ್ರೌನು-ಪಿನಿಯನ್ನುಗಳು ಅದನ್ನು ಏಳಕ್ಕೆ ಐದೂ ಮುಕ್ಕಾಲು ಪಟ್ಟಿಗಿಂತ ತುಸು ಹೆಚ್ಚಾಗಿಯೂ, ಆರಕ್ಕೆ ಏಳು ಪಟ್ಟಿಗೆ ಸಮೀಪವಾಗಿಯೂ ಬೆಳೆಸುವವು. ಏರಿನಲ್ಲಿ ಎಳೆಯುವ ಹಲ್ಲೇ ಇಳಿಜಾರಿನಲ್ಲಿ ಕಚ್ಚಿ ಹಿಡಿಯುವ ಹಲ್ಲು. ಅಲ್ಲದೆ ಗಂಟೆಗೆ ೩೦ರಲ್ಲಿ ಹೊರಟ ಗಾಡಿಯನ್ನು ನಿಲ್ಲಿಸಲು ಬೇಕಾಗುವ ಶ್ರಮದಲ್ಲಿ, ೨೬ಕ್ಕೆ ಸಮೀಪದ ವೇಗದಲ್ಲಿದ್ದುದಕ್ಕೆ ಮುಕ್ಕಾಲು ಪಾಲೂ ಬೇಕಾಗದು. ವೇಗವು ಏಳನೆಯ ಒಂದು ಪಾಲು ಇಳಿದರೆ ಆವೇಶವು ಕಾಲು ಪಾಲಿಗಿಂತ ಹೆಚ್ಚಾಗಿಯೇ ಇಳಿಯುವದು.

"ಆರs ಹಿಡೀತೈತಿ, ಮಾಲಕರ," ಎಂದನು ಮಿಸ್ತ್ರಿ. "ಆದ್ರ ಗೇರಿನ್ಯಾಗ ಇದ್ರ ಅಷ್ಟs."

ಆ ಕೊನೆಯ ಮಾತನ್ನು ಅವನು ತರುಣನ ಕಡೆಗೆ ನೋಡಿ ಆಡಿದನೋ ಎಣ್ಣೆಯ ಡಬ್ಬಿಯ ಕಡೆಗೆ ನೋಡಿ ಆಡಿದನೋ ಹೇಳುವದು ಕಷ್ಟ.

ಆರು ಹಲ್ಲಿನದರಲ್ಲಿ ದೋಷವಿಲ್ಲವೆಂದಲ್ಲ. ದಾರಿಯ ಅಷ್ಟೇ ಉದ್ದಕ್ಕೆ ಪಿನಿಯನ್ನು ಹೆಚ್ಚು ಸುತ್ತು ತಿರುಗಬೇಕು, ಒಂದೊಂದು ಹಲ್ಲೂ ಹೆಚ್ಚು ಸಲ ಪೆಟ್ಟು ತಿನ್ನಬೇಕು. ಎಣ್ಣೆಯನ್ನು ಬದಲಿಸುವಲ್ಲಿ ಆಲಸ್ಯ ಮಾಡಿದರೆ ಅದು ಕ್ಷಮಿಸದು. ಬರಿದಾಗಿ ಮರಳುವಾಗ ಇಂಜಿನು ವೃಥಾ ಕೂಗುವದು. ರಂಟೆ-ಕುಂಟೆಗಳ ಕೆಲಸದಲ್ಲಿಯೂ ಅದೇ ಗೇರಿನ ನಡಿಗೆ ನಿಧಾನವಾಗುವದು. ಮತ್ತು ಹೊಲದ ಬಾಯಲ್ಲಿ, ನೀರುಣಿಸಿದ ಕರಿಮಣ್ಣಿನಲ್ಲಿ ಹೊರೆ ಹೂತುಕೊಂಡರೆ ಆರೂ ಒಂದೇ, ಏಳೂ ಒಂದೇ. ಅಲ್ಲಿ ಎಳೆತಕ್ಕೆ ಮೇರೆ ಹಾಕುವದು ಹಲ್ಲಲ್ಲ, ನೆಲ. ಹಿಂದಿನ ಗಾಲಿಗಳ ಮೇಲೆ ಎರಡೂವರೆ ಟನ್ನು ಭಾರವಿದ್ದರೆ ಒಣಗಿದ ಡಾಂಬರಿನ ಮೇಲೆ ಒಂದೂವರೆ ಟನ್ನು ಎಳೆತಕ್ಕೆ ಹಿಡಿತ ಸಿಕ್ಕೀತು, ಹಸಿ ಮಣ್ಣಿನಲ್ಲಿ ಅದರ ಅರ್ಧವೂ ಸಿಕ್ಕದು. ಅದಕ್ಕೆ ಮೀರಿ ಎಳೆದರೆ ಗಾಲಿ ಇದ್ದಲ್ಲಿಯೇ ತಿರುಗಿ ತನ್ನ ಹೊಂಡವನ್ನು ತಾನೇ ತೋಡಿಕೊಳ್ಳುವದು. ಬಲ್ಲವರು ಅಲ್ಲಿ ಒಂದೊಂದೇ ಟ್ರೇಲರನ್ನು ಹೊರಗೆಳೆದು ರಸ್ತೆಗೆ ಬಂದ ಮೇಲೆ ಜೋಡಿಸುವರು. ಕೆಲವರು ಹಿಂದಿನ ಟಾಯರುಗಳನ್ನೇ ದೊಡ್ಡವಾಗಿ ಹಾಕಿಸುವರು. ಹಿಡಿತವೇನೋ ಸ್ವಲ್ಪ ಹೆಚ್ಚುವದು, ಆದರೆ ಗಾಲಿಯ ಸುತ್ತಳತೆ ಹೆಚ್ಚಿದಷ್ಟು ಎಳೆತವು ತಗ್ಗುವದರಿಂದ ಪಿನಿಯನ್ನಿನಲ್ಲಿ ಗಳಿಸಿದ್ದರಲ್ಲಿ ಒಂದು ಪಾಲನ್ನು ಟಾಯರಿನಲ್ಲಿ ಕಳೆದಂತಾಗುವದು. ಇದು ಅನೇಕರ ಲಕ್ಷ್ಯಕ್ಕೆ ಬಾರದ ಸಂಗತಿ.

ಆರು ಹಲ್ಲಿನ ಜೋಡಿಯೇ ಬಂದಿತು. ಅದನ್ನು ಕೂಡಿಸುವದಕ್ಕೆ ಒಂದು ಹಗಲು ಹಿಡಿಯಿತು, ಅವಸರದ ಕೆಲಸವಲ್ಲ. ಎರಡು ಗಾಲಿಗಳ ನಡುವೆ ಕೂದಲೆಳೆಯಷ್ಟು ಸಡಿಲ ಇರಬೇಕು, ಇಲ್ಲದಿದ್ದರೆ ಕಾದು ಬಿಗಿಯುವವು. ಹೆಚ್ಚಾದರೆ ಪ್ರತಿಯೊಂದು ಎಳೆತಕ್ಕೂ ಹಲ್ಲಿಗೆ ಹಲ್ಲು ಬಡಿಯುವದು. ಮಿಸ್ತ್ರಿಯು ತೆಳ್ಳನೆಯ ತಗಡಿನ ಬಿಲ್ಲೆಗಳನ್ನು ಒಂದೊಂದಾಗಿ ಹಾಕುತ್ತ ತೆಗೆಯುತ್ತ ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಕಟ್ಟಿದನು. ಕಡೆಗೆ ಕ್ರೌನಿನ ಕೆಲವು ಹಲ್ಲುಗಳಿಗೆ ನೀಲಿ ಬಣ್ಣವನ್ನು ತೆಳ್ಳಗೆ ಸವರಿ, "ತಿರಿವ್ರಿ" ಎಂದನು. ತರುಣನು ಪಿನಿಯನ್ನಿನ ತಲೆಯನ್ನು ಹಿಡಿದು ಕೈಯಿಂದಲೇ ನಿಧಾನವಾಗಿ ತಿರುಗಿಸಿದನು. ಆರು ಸುತ್ತು ಮುಗಿದು ಏಳನೆಯದು ಮುಗಿಯುವಷ್ಟರಲ್ಲಿ ಕ್ರೌನು ಒಂದು ಸುತ್ತು ಬಂದಿತು. ಬಣ್ಣ ಅಳಿಸಿದ ಗುರುತು ಹಲ್ಲಿನ ತುದಿಗೂ ಬೀಳದೆ ಬುಡಕ್ಕೂ ಬೀಳದೆ ನಟ್ಟನಡುವೆ ಬಿದ್ದಿತ್ತು. ಮುದುಕನು ಕನ್ನಡಕವನ್ನು ಒರೆಸಿಕೊಂಡು ಬಾಗಿ ಅದನ್ನು ನೋಡಿದನು. ಆಮೇಲೆ ಹಳೆಯ ಪಿನಿಯನ್ನನ್ನು ಎತ್ತಿ, ಮುರಿದ ಎರಡು ಹಲ್ಲುಗಳ ಮೇಲೆ ಬೆರಳಾಡಿಸಿ, ಚೀಲದಲ್ಲಿ ಹಾಕಿಕೊಂಡನು. ಅಂದು ರಾತ್ರಿ ಟೋಳಿಯವರು ಬೆಂಕಿ ಹಾಕಿಕೊಂಡು ಕಾಯುತ್ತಿದ್ದ ಹೊಲಕ್ಕೆ ಟ್ರ್ಯಾಕ್ಟರು ಮರಳಿತು.